ಖಾಲಿ ತಟ್ಟೆ ಕಳಿಸಬಾರದು

ಪಾಠ ಹೇಳುವವನು ಅರ್ಧ ಹೇಳಿ ನಿಲ್ಲಿಸಬಾರದು. ಕೃಷ್ಣಮೂರ್ತಿಪುರಂನ ಮಿಡ್ಲ್ ಸ್ಕೂಲ್ ಮೇಷ್ಟ್ರು ಸುಂದರೇಶ ಮಾಡಿದ ತಪ್ಪು ಅದೊಂದೇ.

ನಮ್ಮ ಹಬ್ಬಹರಿದಿನಗಳನ್ನು ನೋಡಲೆಂದು ಸ್ಕಾಟ್ಲೆಂಡಿನಿಂದ ಬಂದ ಎಡಿತ್ ಎಂಬಾಕೆ ಮಂಗಳಮ್ಮನ ಮನೆಯ ಮಹಡಿಯಲ್ಲಿ ಮೂರು ತಿಂಗಳಿಂದ ಬಾಡಿಗೆಗಿದ್ದಳು, ಸಂಕ್ರಾಂತಿ ಮುಗಿಸಿಕೊಂಡು ಊರಿಗೆ ಹೊರಡುವವಳು. ಆಕೆಗೆ ಕನ್ನಡವನ್ನೂ ನಮ್ಮ ನಡವಳಿಕೆಯನ್ನೂ ಕಲಿಸುವ ಕೆಲಸ ಸುಂದರೇಶನದು. ಬಲಗೈಯಲ್ಲೇ ತಿನ್ನಿ, ಹೊಸಿಲು ತುಳಿಯಬೇಡಿ, ಯಾರಾದರೂ ತಿಂಡಿ ಕಳಿಸಿದರೆ ತಟ್ಟೆಯನ್ನು ಖಾಲಿ ವಾಪಸು ಕಳಿಸಬೇಡಿ, ಏನಾದರೂ ಹಾಕಿ ಕಳಿಸಿ ಎಂದೆಲ್ಲ ಹೇಳಿಕೊಟ್ಟ. ಏನು ಹಾಕಬೇಕು ಅಂತ ಹೇಳಲಿಲ್ಲ ನೋಡಿ, ಅಲ್ಲೇ ಎಡವಟ್ಟಾಯಿತು.

ಅದು ಐವತ್ತೆಂಟನೆಯ ಇಸವಿಯ ಸಂಕ್ರಾಂತಿ. ಸುಂದರೇಶನಿಗೆ ಅಂದು ಎಳ್ಳುಬೆಲ್ಲಕ್ಕಿಂತ ದೊಡ್ಡ ಚಿಂತೆಯೊಂದಿತ್ತು. ಬೀದಿಯ ಕೊನೆಮನೆಯ ವೆಂಕಟಸುಬ್ಬಯ್ಯನವರ ಮಗಳು ಅಂಬುಜಾಳನ್ನು ಕೊಡುತ್ತೀರಾ ಎಂದು ಅವನು ಕೇಳಿ ತಿಂಗಳಾಗಿತ್ತು. "ಧನುರ್ಮಾಸದಲ್ಲಿ ಮದುವೆ ಮಾತು ಬೇಡ ಕಣಯ್ಯ. ಸಂಕ್ರಾಂತಿ ಸಾಯಂಕಾಲ ಬಾ, ಹೇಳ್ತೀನಿ," ಎಂದಿದ್ದರು ಅವರು. ಅರಮನೆಗೆ ಬರುತ್ತಿದ್ದ ಇಂಗ್ಲಿಷ್ ದೊರೆಗಳ ಊಟೋಪಚಾರವನ್ನು ಮೂವತ್ತು ವರ್ಷ ನೋಡಿಕೊಂಡು ನಿವೃತ್ತರಾದವರು. ಮಡಿ, ಆಚಾರ ಎಂದರೆ ಬೀದಿಯವರೆಲ್ಲ ಅವರ ಕಡೆ ಬೆರಳು ತೋರಿಸುತ್ತಿದ್ದರು.

ಸಾಯಂಕಾಲ ಅಲ್ಲಿಗೆ ಹೊರಟವನು ದಾರಿಯಲ್ಲಿ ಮಂಗಳಮ್ಮನ ಮನೆಗೆ ತಲೆ ಹಾಕಿದ. ಎಡಿತ್ ಮೈಕೈಗೆಲ್ಲ ಹಿಟ್ಟು ಮೆತ್ತಿಕೊಂಡು ನಿಂತಿದ್ದಳು.

"ಮೇಷ್ಟ್ರೇ, ನಾನು ಖಾಲಿ ತಟ್ಟೆ ಕಳಿಸಲಿಲ್ಲ," ಎಂದಳು, ಪಾಠ ಒಪ್ಪಿಸುವ ಹಾಗೆ. "ಎಳ್ಳು ಕೊಟ್ಟ ಮೂರು ಮನೆಗಳಿಗೂ, ಬೀದಿಯ ಕೊನೆಮನೆಯವರೆಗೂ, ಕೇಕ್ ಕೊಟ್ಟು ಬಂದೆನು."

ಸುಂದರೇಶ ಗಾಬರಿಯಿಂದ ಕೇಳಿದ, "ಅದಕ್ಕೆ ಏನೇನು ಹಾಕಿದ್ರಿ?"

"ಹಿಟ್ಟು, ಸಕ್ಕರೆ, ಬೆಣ್ಣೆ, ದ್ರಾಕ್ಷಿ."

"ನಮ್ ಕೋಳೀದು ಆರು ಮೊಟ್ಟೆ," ಎಂದು ಮಂಗಳಮ್ಮ ಹೆಮ್ಮೆಯಿಂದ ಸೇರಿಸಿದಳು. ಆಕೆ ಕಡಕೊಳದ ಒಕ್ಕಲು ಮನೆತನದವಳು, ಕೋಳಿ ಸಾಕಿದ್ದಳು.

"ಅಯ್ಯೋ, ಅವರ ಮನೇಗಳಲ್ಲಿ ಮೊಟ್ಟೆ ಮುಟ್ಟಲ್ಲ ಅಂತ ನೀವಾದ್ರೂ ಹೇಳಬಾರದಾಗಿತ್ತಾ?"

"ನೀವು ಹೇಳ್ಕೊಟ್ಟಿರ್ತೀರ ಅಂದ್ಕಂಡೆ ಕಣ್ ಮೇಷ್ಟ್ರೆ. ಪಾಠ ಹೇಳೋರು ನೀವಲ್ವ."

ಮೊಟ್ಟೆಯ ಸುದ್ದಿ ಹೊರಬಿದ್ದರೆ ಬೈಸಿಕೊಳ್ಳುವವಳು ಎಡಿತ್ ಅಲ್ಲ, ಅವಳಿಗೆ ಪಾಠ ಹೇಳಿದ ಮೇಷ್ಟ್ರು. ಅಂಬುಜಾ ಕೈತಪ್ಪಿದಳೆಂದೇ ಅರ್ಥ. ಯಾರೂ ಬಾಯಿಗೆ ಹಾಕುವ ಮೊದಲೇ ಆ ಕೇಕು ವಾಪಸು ತರಬೇಕೆಂದು ಸುಂದರೇಶ ಓಡಿದ.

ಮೊದಲು ಶಿವನಂಜಮ್ಮನವರ ಮನೆ. ಆಕೆ ಕೇಕನ್ನು ದೇವರ ಮುಂದಿಟ್ಟು ಊದುಬತ್ತಿ ಹಚ್ಚುತ್ತಿದ್ದರು. ನಿಜ ಹೇಳಲು ನಾಲಗೆ ಏಳಲಿಲ್ಲ.

"ಅಮ್ಮಾ, ಅದನ್ನ ನನಗೆ ಕೊಟ್ಬಿಡಿ. ಅವರ ದೇಶದ ಪದ್ಧತಿ, ಹಬ್ಬದ ಮೊದಲ ಕೇಕು ಪಾಠ ಹೇಳಿದ ಗುರುವಿಗೇ ಸಲ್ಲಬೇಕು," ಎಂದು ಬಾಯಿಗೆ ಬಂದದ್ದನ್ನು ಒದರಿದ.

"ಹಂಗಾ? ಗುರುದಕ್ಷಿಣೆ ಅನ್ನಿ. ಹಂಗಾದ್ರೆ ದೇವರ ಎದುರಿಗೇ ತಿನ್ನಿ, ಮನೆಗೂ ಒಳ್ಳೇದು," ಎಂದು ಆಕೆ ಮಣೆ ಹಾಕಿದರು.

ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟದ ಸುಂದರೇಶ ಕಣ್ಣು ಮುಚ್ಚಿಕೊಂಡು ನುಂಗಿದ. ಹಾಳಾದ್ದು, ರುಚಿಯಾಗಿಯೇ ಇತ್ತು. ಮುಂದಿನ ಮಂಜುಳಮ್ಮನ ಮನೆಯಲ್ಲೂ ಅದೇ ಸುಳ್ಳು, ಅದೇ ಮಣೆ. ಆಕೆ ಇನ್ನೂ ಉದಾರಿ. ಮೇಲೊಂದು ಲೋಟ ಹಾಲು ಕೊಟ್ಟು, ಅದು ಮುಗಿಯುವವರೆಗೆ ಬಾಗಿಲಿಗೆ ಅಡ್ಡ ನಿಂತರು. ಹೊರಬಂದಾಗ ಅವನ ಹೊಟ್ಟೆ ನಗಾರಿಯಾಗಿತ್ತು.

ವೆಂಕಟಸುಬ್ಬಯ್ಯನವರು ನಡುಮನೆಯಲ್ಲಿ ಒಬ್ಬರೇ ಕೂತಿದ್ದರು. ಹೆಂಡತಿ ಚಂದ್ರಮತಿಯೂ ಅಂಬುಜಾಳೂ ಎಳ್ಳು ಬೀರಲು ಹೋಗಿದ್ದರು. ಎದುರಿಗೆ ತಟ್ಟೆ, ತಟ್ಟೆಯಲ್ಲಿ ಅಂಗೈಯಗಲದ ತುಂಡು. ಅವರು ಶಲ್ಯ ಸರಿಮಾಡಿಕೊಂಡು ಇನ್ನೇನು ಕೈ ಹಾಕಬೇಕು, ಸುಂದರೇಶ ಹಾರಿಬಂದು ಅದನ್ನು ಎತ್ತಿಕೊಂಡ.

"ಕ್ಷಮಿಸಬೇಕು, ಅವರ ದೇಶದ ಪದ್ಧತಿ," ಎನ್ನುತ್ತಲೇ ಬಾಯಿಗೆ ತುರುಕಿದ. ಎರಡು ಸಲ ಬಿಕ್ಕಳಿಕೆ ಬಂತು. ಆದರೂ ಬಿಡಲಿಲ್ಲ, ಕೊನೆಯ ದ್ರಾಕ್ಷಿಯವರೆಗೂ ತಿಂದ. ಹಿರಿಯರ ಜಾತಿ ಉಳಿಯಿತು, ತನ್ನ ಮದುವೆಯೂ ಉಳಿಯಿತು ಎಂದುಕೊಂಡು ನೆಮ್ಮದಿಯಿಂದ ಬಾಯಿ ಒರೆಸಿಕೊಂಡ.

ವೆಂಕಟಸುಬ್ಬಯ್ಯನವರು ಖಾಲಿ ತಟ್ಟೆಯನ್ನೇ ನೋಡುತ್ತಿದ್ದರು. ಆಮೇಲೆ ಎದ್ದು ಬೀದಿಬಾಗಿಲು ಮುಚ್ಚಿ ಬಂದರು.

"ಎಷ್ಟು ಮೊಟ್ಟೆ ಹಾಕಿದ್ರಂತೆ?" ಎಂದು ಮೆಲ್ಲಗೆ ಕೇಳಿದರು.

"ಆ... ಆರು. ನಿಮಗೆ ಹೇಗೆ ಗೊತ್ತಾಯ್ತು?"

"ಮೂವತ್ತು ವರ್ಷ ದೊರೆಗಳಿಗೆ ಬಡಿಸಿದೋನು ಕಣಯ್ಯ ನಾನು. ವಾಸನೇಲೇ ಹೇಳ್ತೀನಿ." ಅವರು ಇನ್ನಷ್ಟು ಹತ್ತಿರ ಸರಿದರು. "ಪ್ರತಿ ಕ್ರಿಸ್‌ಮಸ್ಸಿಗೂ ಒಂದು ತುಂಡು ಉಗ್ರಾಣದ ಹಿಂದೆ ನಿಂತು ತಿಂತಿದ್ದೆ. ಕೆಲಸ ಬಿಟ್ಟು ಎಂಟು ವರ್ಷ ಆಯ್ತು, ಕಣ್ಣಲ್ಲಿ ಕಂಡಿರ್ಲಿಲ್ಲ. ಇವತ್ತು ಹೆಂಡತೀನೂ ಮಗಳನ್ನೂ ಉಪಾಯವಾಗಿ ಎಳ್ಳು ಬೀರೋಕೆ ಸಾಗಹಾಕಿ ಕೂತಿದ್ದೆ. ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡಿದೆಯಲ್ಲೋ."

ಸುಂದರೇಶನಿಗೆ ಅಳು ಬರುವುದೊಂದು ಬಾಕಿ. "ಮತ್ತೆ... ನಮ್ಮ ಮದುವೆ ಮಾತು?"

"ಹೂಂ ಅನ್ನೋಣ ಅಂತಲೇ ಇದ್ದೆ. ಈಗ ಮನಸ್ಸು ಕಹಿಯಾಗಿದೆ. ಆಯಮ್ಮನ ಕೈಲಿ ಇನ್ನೊಂದು ಮಾಡಿಸ್ಕೊಂಡು ಬಾ, ಆಮೇಲೆ ನೋಡೋಣ."

"ಅವರು ನಾಳೆ ಬೆಳಗಾಗೆದ್ದು ಮದ್ರಾಸಿನ ರೈಲಿಗೆ ಹೊರಟುಹೋಗ್ತಾರೆ, ಮತ್ತೆ ಬರೋದಿಲ್ಲ."

ಬೀದಿಯಲ್ಲಿ ಹೆಂಗಸರ ದನಿ ಕೇಳಿಸಿತು. ವೆಂಕಟಸುಬ್ಬಯ್ಯನವರು ಅವಸರವಾಗಿ ತಟ್ಟೆಯನ್ನು ಶಲ್ಯದಡಿ ಬಚ್ಚಿಟ್ಟು, ಅವನ ಕಿವಿಯ ಹತ್ತಿರ ಬಾಗಿದರು.

"ಹಾಗಾದ್ರೆ ಈಗಲೇ ಓಡು, ಇವತ್ತು ರಾತ್ರಿಯೊಳಗೆ ಕೇಕು ಮಾಡೋದನ್ನ ನೀನೇ ಕಲಿತ್ಕೊ. ನನ್ನ ಅಳಿಯ ಆಗೋನಿಗೆ ಅಷ್ಟಾದ್ರೂ ಬರಬೇಕು."