ನಾನೂರು ಕಂಪ್ಯೂಟರುಗಳ ಚಾಲನಾ ಸಮಿತಿಯ ನಡವಳಿ

ನಮ್ಮ ಆಸ್ಪತ್ರೆಯ ದಾಖಲೆ ವಿಭಾಗಕ್ಕೆ ನಾನೂರು ಹೊಸ ಕಂಪ್ಯೂಟರುಗಳು ಬಂದಿರುವುದೂ, ಅವುಗಳಲ್ಲಿ ಒಂದೂ ಚಾಲೂ ಆಗದಿದ್ದುದೂ ಸತ್ಯವೆಂದು ಈ ಮೂಲಕ ದೃಢೀಕರಿಸಲಾಗಿದೆ. ದೃಢೀಕರಿಸಿದವನು ನಾನೇ. ದಾಖಲೆ ವಿಭಾಗದ ಗುಮಾಸ್ತ. ಸಮಿತಿ ಸೇರಿದಾಗಲೆಲ್ಲ ನಡವಳಿ ಬರೆಯುವುದು ನನ್ನ ಕೆಲಸ.

ಕಂಪ್ಯೂಟರುಗಳಲ್ಲಿ ದೋಷವೇನೂ ಇರಲಿಲ್ಲ. ಖರೀದಿ ಆದೇಶದಲ್ಲಿ ವೈರು, ಮೌಸು, ಮೌಸಿನ ಕೆಳಗೆ ಹಾಸುವ ಚೌಕ, ಧೂಳು ಕೂರದಂತೆ ಹೊದಿಕೆ ಎಲ್ಲವನ್ನೂ ಬರೆದಿದ್ದೆವು. ಆಪರೇಟಿಂಗ್ ಸಿಸ್ಟಂ ಬರೆಯುವುದೊಂದು ಬಿಟ್ಟುಹೋಗಿತ್ತು. ಅದಿಲ್ಲದ ಕಂಪ್ಯೂಟರು ಹೊದಿಕೆ ಹೊದ್ದ ಡಬ್ಬ. ಮೇಲಾಗಿ ಒಳಗಿನ ಚಿಪ್ ತೀರ ಹೊಸದಾದ್ದರಿಂದ ಅಂಗಡಿಯಲ್ಲಿ ಸಿಗುವ ಯಾವ ಸಿಸ್ಟಮ್ಮೂ ಅದಕ್ಕೆ ಒಗ್ಗುತ್ತಿರಲಿಲ್ಲ. ನಾನಾ ದೇಶದ ಜನ ಬಿಡುವಿನಲ್ಲಿ ಕೂತು ಬರೆದು ಎಲ್ಲರಿಗೂ ಬಿಟ್ಟುಕೊಟ್ಟಿರುವ ಮುಕ್ತ ಸಿಸ್ಟಂ ಒಂದಿದೆ, ಬಲ್ಲವರು ಮನಸ್ಸು ಮಾಡಿದರೆ ಅದನ್ನು ಈ ಚಿಪ್‌ಗೆ ಹೊಂದಿಸಬಹುದು, ಅದೂ ಪುಕ್ಕಟೆಯಾಗಿ ಎಂದು ಯಾರೋ ಹೇಳಿದರು. ಪುಕ್ಕಟೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅಧೀಕ್ಷಕರು ಒಂಬತ್ತು ಜನರ ಚಾಲನಾ ಸಮಿತಿ ರಚಿಸಿ, ತಾವೇ ಅಧ್ಯಕ್ಷರಾಗಿ, ಪ್ರಕಟಣೆ ಹೊರಡಿಸಿದರು:

“ಸ್ವಯಂಸೇವಕರು ಬೇಕಾಗಿದ್ದಾರೆ. ಅರ್ಜಿದಾರರು ಸ್ವಂತ ಇಚ್ಛೆಯಿಂದ ಬರುತ್ತಿರುವುದಾಗಿ ಇಬ್ಬರು ಅಧಿಕಾರಿಗಳಿಂದ ದೃಢೀಕರಣ ತರತಕ್ಕದ್ದು. ಸದರಿ ಇಚ್ಛೆಯು ಮೂರು ತಿಂಗಳಿಗಿಂತ ಹಳೆಯದಾಗಿರಕೂಡದು. ಕೆಲಸ ಮುಗಿಸಲು ವಿಫಲರಾದವರ ಮೇಲೆ ಕ್ರಮ ಜರುಗಿಸಲಾಗುವುದು. ಮುಗಿಸಿದವರ ಬಗ್ಗೆ ಪರಿಶೀಲಿಸಲಾಗುವುದು.”

ಒಂದೇ ಒಂದು ಅರ್ಜಿ ಬಂತು. ಹೊಲಿಗೆ ಯಂತ್ರ ರಿಪೇರಿ ಮಾಡುವ ಹೆಂಗಸಿನದು. ಅನುಭವ ಎಂಬಲ್ಲಿ “ಹನ್ನೊಂದು ವರ್ಷದಿಂದ ಕರ್ನಲ್ ಕೆಲಸ” ಎಂದು ಬರೆದಿದ್ದರು. ಅವರು ಸಂದರ್ಶನಕ್ಕೆ ಒಳಗೆ ಬಂದಾಗ ಒಂಬತ್ತು ಮಂದಿಯೂ ಎದ್ದು ನಿಂತರು. ಯಾವ ಗಡಿಯಲ್ಲಿದ್ದಿರಿ ಎಂದು ಅಧ್ಯಕ್ಷರು ವಿನಯದಿಂದ ವಿಚಾರಿಸಿದರು. ಸಿಸ್ಟಮ್ಮಿನ ತಿರುಳಿಗೆ ಕರ್ನಲ್ ಅನ್ನುತ್ತಾರೆ, ಆ ಮುಕ್ತ ಸಿಸ್ಟಂ ಬರೆಯುವವರಲ್ಲಿ ತಾವೂ ಒಬ್ಬರು, ಅದು ಮನೆಯಲ್ಲೇ ಕೂತು ಮಾಡುವ ಕೆಲಸ ಎಂದು ಅವರು ತಿಳಿಸಿ ಹೇಳಿದರು. ಆದರೆ ನಾನು ಆಗಲೇ ಕರ್ನಲ್ ಎಂದು ಬರೆದುಕೊಂಡಾಗಿತ್ತು, ಶಾಯಿಯಲ್ಲಿ. ಹಾಗಾಗಿ ಸೇನೆಯಿಂದ ನಿರಾಕ್ಷೇಪಣಾ ಪತ್ರ ಕೇಳಲಾಯಿತು. ಇಂಥವರು ನಮ್ಮಲ್ಲಿ ಯಾರೂ ಇಲ್ಲ ಎಂದು ಸೇನೆ ಉತ್ತರಿಸಿತು. ಇಲ್ಲದವರ ಬಗ್ಗೆ ಆಕ್ಷೇಪಣೆಯೂ ಇರಲಾರದೆಂದು ಸಮಿತಿ ತೀರ್ಮಾನಿಸಿತು. ಅಂದಿನಿಂದ ಅವರು ನಮಗೆಲ್ಲ ಕರ್ನಲ್ ಮೇಡಂ.

ಇಷ್ಟೆಲ್ಲ ಪಡಿಪಾಟಲು ಪಟ್ಟು ಪುಕ್ಕಟೆ ದುಡಿಯಲು ಅವರು ಏಕೆ ಬಂದರೆಂದು ಅಧ್ಯಕ್ಷರಿಗೆ ಅನುಮಾನವಿತ್ತು. ಕಾರಣ ಮೇಡಂ ಅವರ ಅಕ್ಕ. ಅಕ್ಕನಿಗೆ ವಾರಕ್ಕೆ ಎರಡು ಸಲ ನಮ್ಮಲ್ಲೇ ಡಯಾಲಿಸಿಸ್. ಫೈಲು ಕೈಗೆ ಬರದೆ ಡಾಕ್ಟರು ರೋಗಿಯನ್ನು ಮುಟ್ಟುವಂತಿಲ್ಲ; ಫೈಲು ಹುಡುಕಲು ನಮ್ಮ ವಿಭಾಗಕ್ಕೆ ಎರಡು ಗಂಟೆ ಬೇಕು. ಒಮ್ಮೆ ಫೈಲು ಸಿಗಲೇ ಇಲ್ಲ. ಆಕೆಯನ್ನು ವಾಪಸು ಕಳಿಸಿದೆವು. ಎರಡು ದಿನ ಮಲಗಲಾರದೆ, ಗೋಡೆಗೆ ಒರಗಿ ಕೂತೇ ಉಸಿರಾಡಿದರಂತೆ. ಫೈಲು ಮುಂದಿನ ವಾರ ಮೂಳೆ ವಿಭಾಗದ ಕಪಾಟಿನಲ್ಲಿ ಕ್ಷೇಮವಾಗಿ ಸಿಕ್ಕಿತು.

ಕರ್ನಲ್ ಮೇಡಂ ಪ್ರಯೋಗಕ್ಕೆಂದು ಒಂದು ಕಂಪ್ಯೂಟರು ಕೇಳಿದರು. ಚಾಲೂ ಆಗುವುದೆಂಬ ಪ್ರಮಾಣಪತ್ರವಿಲ್ಲದ ಯಂತ್ರವನ್ನು ಯಾರಿಗೂ ಕೊಡತಕ್ಕದ್ದಲ್ಲ ಎಂಬ ನಿಯಮವನ್ನು ಅವರ ಗಮನಕ್ಕೆ ತರಲಾಯಿತು. ಚಾಲೂ ಮಾಡುವುದಕ್ಕೇ ಕೇಳುತ್ತಿದ್ದೇನೆ ಎಂದರು. ಸಮಿತಿ ಸಹಾನುಭೂತಿಯಿಂದ ಪರಿಶೀಲಿಸಿ, ವಾರಕ್ಕೊಮ್ಮೆ ಉಗ್ರಾಣದ ಕಿಟಕಿಯ ಹೊರಗೆ ನಿಂತು ಯಂತ್ರಗಳನ್ನು ನೋಡಲು ಅನುಮತಿ ನೀಡಿತು. ಮುಟ್ಟದೆ.

ಇನ್ನು ಮುಕ್ತ ಎಂದರೆ ಯಾರು ಬೇಕಾದರೂ ಓದಬಹುದೇ ಎಂದು ಸದಸ್ಯರೊಬ್ಬರು ಕೇಳಿದರು. ಹೌದು, ಎಲ್ಲರೂ ಓದಲಿ ಅಂತಲೇ ಬರೆಯೋದು ಎಂದು ಮೇಡಂ ಹೇಳಿದ್ದು ತಪ್ಪಾಯಿತು. ಅವರು ಬರೆದ ಪ್ರತಿ ಸಾಲನ್ನೂ ಮುದ್ರಿಸಿ, ಪುಟಪುಟಕ್ಕೆ ಮೊಹರು ಒತ್ತಿ, ಬೀರುವಿನಲ್ಲಿಡುವಂತೆ ಆದೇಶವಾಯಿತು. ಫೈಲಿನ ಮೇಲೆ “ಮುಕ್ತ ತಂತ್ರಾಂಶ (ಅತಿ ಗೌಪ್ಯ)” ಎಂದು ನಾನೇ ಬರೆದೆ. ಅಕ್ಷರ ಚೆನ್ನಾಗಿ ಬಂದಿದೆ.

ಆರು ವಾರ ಅವರು ಕಿಟಕಿಯ ಹೊರಗೆ ನಿಂತರು. ಏಳನೆಯ ವಾರ ಉಗ್ರಾಣದ ಯಜಮಾನರು, ನಿವೃತ್ತಿಗೆ ಎರಡು ವರ್ಷವಷ್ಟೇ ಉಳಿದಿದ್ದವರು, ಜೇಬಿನಿಂದ ಬೀಗದ ಕೈ ತೆಗೆದು ಒಂದು ಯಂತ್ರದ ಮೂಲೆಯನ್ನು ಗೀರಿದರು. ರಿಜಿಸ್ಟರಿನಲ್ಲಿ “ಕೈಜಾರಿ ಬಿದ್ದು ಕೆಟ್ಟಿದೆ” ಎಂದು ಬರೆದರು. ಕೆಟ್ಟ ಯಂತ್ರ ಯಾರು ಒಯ್ದರೂ ಕೇಳುವವರಿಲ್ಲ. ಅದನ್ನು ಕಿಟಕಿಯಿಂದಲೇ ದಾಟಿಸಿದರು.

ದಾಖಲೆ ಕೋಣೆಯ ಮೂಲೆಯಲ್ಲೊಂದು ಸ್ಟೂಲು ಹಾಕಿಕೊಂಡು, ಅಕ್ಕನ ಡಯಾಲಿಸಿಸ್ ಮುಗಿಯುವ ತನಕ ಕರ್ನಲ್ ಮೇಡಂ ಕೆಲಸ ಮಾಡುತ್ತಿದ್ದರು. ಮೊದಲ ನಾಲ್ಕು ತಿಂಗಳು ತೆರೆ ಕಪ್ಪಾಗಿಯೇ ಇತ್ತು. ಯಂತ್ರದ ಹೊಟ್ಟೆಗೆ ಸಣ್ಣ ತಂತಿಯೊಂದನ್ನು ಚುಚ್ಚಿ, ಸಿಸ್ಟಂ ಎಲ್ಲಿಯವರೆಗೆ ಬಂದು ಎಡವುತ್ತಿದೆ ಎಂದು ತಮ್ಮ ಹಳೆಯ ಲ್ಯಾಪ್‌ಟಾಪಿನಲ್ಲಿ ನೋಡುತ್ತಿದ್ದರು. ಎಲ್ಲೆಲ್ಲಿಯದೋ ಊರಿನ, ಅವರು ಮುಖವನ್ನೂ ನೋಡಿರದ ಜನ, ಹೀಗೆ ಮಾಡಿ ನೋಡಿ, ಹಾಗೆ ಮಾಡಿ ನೋಡಿ ಎಂದು ಬರೆದು ಕಳಿಸುತ್ತಿದ್ದರು. ಅವರಲ್ಲಿ ಯಾರೂ ಅರ್ಜಿ ಸಲ್ಲಿಸಿರಲಿಲ್ಲವೆಂಬುದನ್ನು ಪ್ರತ್ಯೇಕವಾಗಿ ದಾಖಲಿಸಿದ್ದೇನೆ. ಐದನೆಯ ತಿಂಗಳ ಒಂದು ಮಂಗಳವಾರ ಬೆಳಗ್ಗೆ ಹನ್ನೊಂದಕ್ಕೆ ತೆರೆಯ ಮೇಲೆ ಬಿಳಿ ಅಕ್ಷರದ ಒಂದು ಸಾಲು ಮೂಡಿತು. ಮೇಡಂ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕೂತಿದ್ದರು.

ಆಮೇಲಿನ ಎರಡು ತಿಂಗಳು ರೋಗಿಗಳ ವಿವರಗಳನ್ನೆಲ್ಲ ಅದರೊಳಗೆ ಸೇರಿಸಿದರು. ಅಕ್ಕನ ಹೆಸರು ಒತ್ತಿದರೆ ನಾಲ್ಕು ಸೆಕೆಂಡಿನಲ್ಲಿ ಅಕ್ಕ ಬಂದರು: ರಕ್ತದ ಗುಂಪು, ತೂಕ, ಹಿಂದಿನ ವಾರದ ಔಷಧ ಸಮೇತ. ಅಂದು ಹನ್ನೆರಡು ಗಂಟೆಯೊಳಗೆ ನಮ್ಮ ಕಿಟಕಿಯ ಮುಂದೆ ಒಬ್ಬ ರೋಗಿಯೂ ಉಳಿಯಲಿಲ್ಲ. ಗಾಬರಿಯಾಗಿ ನಾನು ಅಧ್ಯಕ್ಷರಿಗೆ ವರದಿ ಮಾಡಿದೆ.

ತುರ್ತು ಸಭೆ ಸೇರಿತು. ಎಲ್ಲ ಯಂತ್ರಗಳೂ ಹೀಗೆ ಓಡಿದರೆ ಸಮಿತಿಯ ಗತಿ ಏನೆಂಬ ವಿಷಯ ಅರ್ಧ ದಿನ ಚರ್ಚೆಯಾಯಿತು. ಬಳಿಕ ಮೇಡಂ ಮತ್ತು ಉಗ್ರಾಣದ ಯಜಮಾನರನ್ನು ಕರೆಸಲಾಯಿತು. ಉಳಿದ ಮುನ್ನೂರ ತೊಂಬತ್ತೊಂಬತ್ತಕ್ಕೂ ತಲಾ ಹತ್ತು ನಿಮಿಷ ಸಾಕು, ತಾವೇ ಹಾಕಿಕೊಡುವುದಾಗಿ ಮೇಡಂ ಹೇಳಿದರು.

ಅಧ್ಯಕ್ಷರು ರಿಜಿಸ್ಟರು ತೆರೆದರು. “ಇದರ ಪ್ರಕಾರ ಇದು ಕೆಟ್ಟಿರೋ ಯಂತ್ರ. ಕೆಟ್ಟಿರೋದು ಹೇಗಮ್ಮ ಓಡುತ್ತೆ?”

“ಕೆಟ್ಟಿಲ್ಲ ಸರ್. ಮೂಲೆ ಸ್ವಲ್ಪ ಗೀರಿದೆ, ಅಷ್ಟೇ.”

“ಕೆಟ್ಟಿಲ್ಲ ಅಂದ್ರೆ ನಿಮ್ಮ ಕೈಗೆ ಹೇಗೆ ಬಂತು? ಸುಳ್ಳು ಬರೆದಿದ್ಯಾರು?”

ಉಗ್ರಾಣದ ಯಜಮಾನರು ತಮ್ಮ ಚಪ್ಪಲಿ ನೋಡುತ್ತಿದ್ದರು. ಮೇಡಂ ಒಮ್ಮೆ ಅವರ ಕಡೆ ನೋಡಿದರು. ಆಮೇಲೆ ಹೇಳಿದರು: “ಕೆಟ್ಟಿದೆ ಸರ್.”

ನಡವಳಿಯಲ್ಲಿ ಹಾಗೆಯೇ ಬರೆಯಲಾಯಿತು. ಅದರಂತೆ ಈ ಕೆಳಕಂಡ ನಿರ್ಣಯಗಳು ಸರ್ವಾನುಮತದಿಂದ ಅಂಗೀಕಾರವಾದವು. ಕೆಟ್ಟ ಯಂತ್ರ ಓಡುತ್ತಿರುವುದು ಸಮಿತಿಯ ಸಾಧನೆ. ಸುಸ್ಥಿತಿಯಲ್ಲಿರುವ ಮುನ್ನೂರ ತೊಂಬತ್ತೊಂಬತ್ತನ್ನು ಯಾರೂ ಮುಟ್ಟತಕ್ಕದ್ದಲ್ಲ, ಅವುಗಳ ಸುಸ್ಥಿತಿ ಕಾಪಾಡುವ ಸಲುವಾಗಿ ಸಮಿತಿಯ ಅವಧಿಯನ್ನು ಮೂರು ವರ್ಷ ವಿಸ್ತರಿಸಲಾಗಿದೆ. ಕೆಟ್ಟ ಯಂತ್ರ ಹೇಳುವ ಮಾತನ್ನು ಹಾಗೇ ನಂಬುವಂತಿಲ್ಲವಾದ್ದರಿಂದ, ರೋಗಿಗಳು ಅದರಿಂದ ಪಡೆದ ವಿವರವನ್ನು ಮೂಲ ಫೈಲಿನೊಂದಿಗೆ ತಾಳೆ ನೋಡಿಸಿ ಮೊಹರು ಹಾಕಿಸಿಕೊಂಡೇ ಡಾಕ್ಟರ ಬಳಿ ಹೋಗತಕ್ಕದ್ದು. ಮೂಲ ಫೈಲನ್ನು ಎಂದಿನಂತೆ ಹುಡುಕಿಕೊಡಲಾಗುವುದು.

ಈಗ ನಮ್ಮಲ್ಲಿ ಎರಡು ಸಾಲುಗಳಿವೆ. ಮೊದಲನೆಯದು ಯಂತ್ರದ ಮುಂದೆ, ಎರಡನೆಯದು ನನ್ನ ಕಿಟಕಿಯ ಮುಂದೆ. ಕರ್ನಲ್ ಮೇಡಂ ಅಕ್ಕನ ಜಾಗದಲ್ಲಿ ತಾವೇ ಎರಡರಲ್ಲೂ ನಿಲ್ಲುತ್ತಾರೆ. ಬೇರೆಯವರ ಪರವಾಗಿ ನಿಲ್ಲುವುದು ಸ್ವಯಂಸೇವೆಯಾದ್ದರಿಂದ ಅದಕ್ಕೂ ಅರ್ಜಿ ಪಡೆದಿದ್ದೇವೆ. ಹೋದ ವಾರ ರೋಗಿಗಳ ಅಭಿಪ್ರಾಯ ಸಂಗ್ರಹಿಸಲು ನಾನು ಹಾಳೆ ಹಿಡಿದು ಹೊರಟೆ. ಎಲ್ಲರೂ ತೃಪ್ತಿ ವ್ಯಕ್ತಪಡಿಸಿದರು. ಬೆಂಚಿನ ಮೇಲೆ ಕಾಲು ಊದಿಕೊಂಡು ಕೂತಿದ್ದ ಅಕ್ಕನನ್ನೂ ಕೇಳಿದೆ. ಅವರು ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡು, “ಮೊದಲನೇ ಸಾಲಂತೂ ಬೇಗ ಮುಗಿಯುತ್ತೆ, ಸುಳ್ಳು ಹೇಳಬಾರದು” ಎಂದರು.

ಅದನ್ನು ಅವರ ಮಾತಿನಲ್ಲೇ ದಾಖಲಿಸಿ, ಸಹಿ ಪಡೆದಿದ್ದೇನೆ.