ಇಂಬಳ ಹಾಕಿದ ತಾಳ

ನಮ್ಮ ಭಾವ ಬಸರೀಕಟ್ಟೆಯಲ್ಲಿ ಜೀಪು ಓಡಿಸುತ್ತಾರೆ. ಜೀಪಿಗೆ ಬ್ರೇಕ್ ಉಂಟು. ಅವರ ಗಿಟಾರಿಗೆ ಇಲ್ಲ!

ಭಾವ ಎಂದರೆ ನನ್ನ ಅಕ್ಕನ ಗಂಡ. ಮೂವರು ಗೆಳೆಯರನ್ನು ಸೇರಿಸಿಕೊಂಡು ಒಂದು ರಾಕ್ ಬ್ಯಾಂಡ್ ಕಟ್ಟಿದ್ದಾರೆ. ಅದರಲ್ಲಿ ಹಾಡುವವರಿಲ್ಲ, ಹಾಡೂ ಇಲ್ಲ. ಮೊದಲೇ ಏನನ್ನೂ ಗೊತ್ತು ಮಾಡಿಕೊಳ್ಳದೆ ಆ ಹೊತ್ತಿಗೆ ಕೈಗೆ ಬಂದದ್ದನ್ನು ನುಡಿಸುವುದು. ಅದಕ್ಕೆ 'ಜಾಮ್' ಎನ್ನುತ್ತಾರಂತೆ. ದಿನಾ ಕಾಫಿ ಕಣದಲ್ಲಿ ಅಭ್ಯಾಸ ಬೇರೆ! ಗೊತ್ತಿಲ್ಲದ್ದಕ್ಕೆ ಎಂಥ ಅಭ್ಯಾಸ ಭಾವ ಎಂದು ಕೇಳಿದರೆ, "ಗೊತ್ತಿಲ್ದೇ ಇರೋದನ್ನೇ ಅಲ್ವನ ಮಾರಾಯ ಅಭ್ಯಾಸ ಮಾಡ್ಬೇಕು!" ಎಂದರು. ಇದಕ್ಕೆ ಏನನ್ನುತ್ತೀರಿ?

ಶುರು ಸುಲಭ, ಮುಗಿಸುವುದೇ ಫಜೀತಿ. ಥೇಟ್ ನಮ್ಮ ಕಡೆ ನೆಂಟರು ಹೊರಟ ಹಾಗೆ. "ಬರ್ತೀವಿ" ಎಂದು ಎದ್ದ ಮೇಲೂ ಜಗಲಿಯಲ್ಲಿ ಅರ್ಧ ಗಂಟೆ, ಗೇಟಿನಲ್ಲಿ ಅರ್ಧ ಗಂಟೆ! ಕೊನೆಗೆ ನಾಲ್ವರೂ ಒಪ್ಪಂದ ಮಾಡಿಕೊಂಡರು. ಭಾವ ಕಾಲು ಬಡಿದರೆ ವೇಗ ಹೆಚ್ಚಿಸಬೇಕು; ಗಿಟಾರ್ ಮೇಲೆತ್ತಿದರೆ ನಿಲ್ಲಿಸಬೇಕು.

ಅಕ್ಕ ಮಾತ್ರ ಒಂದು ದಿನವೂ ಆ ಕೊನೆಯವರೆಗೆ ಕೂತವಳಲ್ಲ. "ಒಲೆ ಮೇಲೆ ಹಾಲಿಟ್ಟಿದೀನಿ" ಎಂದು ನಡುವೆಯೇ ಎದ್ದುಬಿಡುತ್ತಾಳೆ. ಸೀತೂರಿನ ನೆಂಟರ ಮನೆಯಲ್ಲಿ ನುಡಿಸಿದಾಗಲೂ ಅದೇ ನೆಪ. ಅಲ್ಲಿ ಯಾರ ಒಲೆ, ಯಾರ ಹಾಲು! ಭಾವ ನಗುತ್ತಿದ್ದರು. ಆದರೆ ವಾಪಸು ಬರುವಾಗ ಜೀಪಿನಲ್ಲಿ ನನಗೆ ಮೆಲ್ಲಗೆ ಹೇಳಿದರು: "ಊರೆಲ್ಲ ಎದ್ದು ಹೋಗ್ಲಿ ಮಾರಾಯ. ಅವ್ಳೊಬ್ಳು ಒಂದ್ಸಲ ಕೊನೇವರೆಗೆ ಕೂತ್ರೆ ಸಾಕಿತ್ತು."

ಈ ಮಳೆಗಾಲದಲ್ಲಿ ಸಿರಿಮನೆಯ ಯುವಕ ಸಂಘದವರು ಕರೆದರು. ಹುಲ್ಲಿನ ಮೇಲೆ ಶಾಮಿಯಾನ. ಚಪ್ಪಲಿ ಹಾಕಿದರೆ ತಾಳ ಸಿಗುವುದಿಲ್ಲವೆಂದು ಭಾವ ಬರಿಗಾಲಲ್ಲಿ ನಿಂತರು. ಹತ್ತು ನಿಮಿಷವಾಗಿರಬೇಕು, ರಕ್ತ ಹೀರುವ ನೆಲದ ಜಿಗಣೆ, ನಮ್ಮ ಕಡೆಯ ಇಂಬಳವೊಂದು, ತಣ್ಣಗೆ ಕಾಲು ಹತ್ತಿತು! ಭಾವ ಕಾಲು ಬಡಿದರು. ಡ್ರಮ್ಮಿನವರು ಒಪ್ಪಂದದಂತೆ ವೇಗ ಹೆಚ್ಚಿಸಿದರು. ಇನ್ನೊಂದು ಇಂಬಳ, ಇನ್ನೊಂದು ಬಡಿತ, ಇನ್ನಷ್ಟು ವೇಗ! ಮುಂದೆ ಕೂತವರೂ ಎದ್ದು ಕಾಲು ಕುಣಿಸತೊಡಗಿದರು. ಸಂಗೀತಕ್ಕೋ ಇಂಬಳಕ್ಕೋ, ಕೇಳುವವರಾರು? ಜನ ಮೊದಲ ಸಲ ಕುಣಿಯುತ್ತಿರುವಾಗ ಭಾವನಿಗೆ ನಿಲ್ಲಿಸುವ ಮನಸ್ಸಾದರೂ ಹೇಗೆ ಬರಬೇಕು!

ಅಷ್ಟರಲ್ಲಿ ಅಕ್ಕ ಎದ್ದಳು. ಭಾವನ ಮುಖ ಸಣ್ಣಗಾಯಿತು.

ಅವಳು ಪಕ್ಕದ ಅಜ್ಜಿಯ ಎಲೆಯಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದುಕೊಂಡು ನೇರ ಭಾವನ ಬಳಿಗೆ ಹೋಗಿ ಕಾಲಬುಡದಲ್ಲಿ ಕೂತಳು.

"ನೀವು ನಿಲ್ಲಿಸ್ಬೇಡಿ. ಕಾಲು ಕೊಡಿ ಇಲ್ಲಿ!"

ಒಂದೊಂದೇ ಇಂಬಳಕ್ಕೆ ಸುಣ್ಣ ಮುಟ್ಟಿಸಿದಳು. ಎಲ್ಲ ಉದುರಿದವು. ಬಡಿತ ನಿಂತಿತು, ತಾಳ ನಿಧಾನವಾಯಿತು. ಭಾವನ ಗಿಟಾರ್ ಅಷ್ಟು ಮೆತ್ತಗೆ ಮಾತಾಡಬಲ್ಲದೆಂದು ನನಗೆ ಗೊತ್ತಾದದ್ದೇ ಅವತ್ತು. ಅಕ್ಕ ಬೆರಳನ್ನು ಸೆರಗಿಗೆ ಒರೆಸಿಕೊಂಡು ಅಲ್ಲೇ ಕೂತಿದ್ದಳು.

"ಸಾಕು, ಮುಗ್ಸಿ ಮಾರಾಯ್ರೆ" ಎಂದು ಸಂಘದವರು ಎರಡು ಸಲ ಬಂದು ಹೇಳಿದರು. ಭಾವ ಗಿಟಾರ್ ಮೇಲೆತ್ತಲೇ ಇಲ್ಲ. ಹೇಗೆ ಎತ್ತುತ್ತಾರೆ ಹೇಳಿ? ಮುಗಿದರೆ ಅವಳು ಎದ್ದುಬಿಡುತ್ತಾಳಲ್ಲ!