ಲಾಜಿಕ್ ಮಾಮಾನ ಫುಟ್‌ಬಾಲ್ ಟೀಮು

ನಮ್ಮ ಮಾಮಾ ಒಂದು ಇಡೀ ಫುಟ್‌ಬಾಲ್ ಸೀಸನ್ನನ್ನು ತರ್ಕಶಾಸ್ತ್ರದ ಆಧಾರದ ಮೇಲೆ ನಡೆಸಿದರು ಎಂದರೆ ನೀವು ನಂಬಲಿಕ್ಕಿಲ್ಲ. ನಂಬಬೇಡಿ! ಕಣ್ಣಾರೆ ಕಂಡ ನನಗೇ ಒಮ್ಮೊಮ್ಮೆ ಡೌಟ್ ಬರುತ್ತದೆ.

ಅದು ಐವತ್ತರ ದಶಕ. ಬಾಗಲಕೋಟೆಗೆ ಕಾಲೇಜು ಬಂದ ಹೊಸತು. ಮಾಮಾ ಅಲ್ಲಿ ಲಾಜಿಕ್ ಲೆಕ್ಚರರ್. ಕರಿ ಕೋಟು, ಕಚ್ಚೆ ಧೋತರ, ಕಂಕುಳಲ್ಲಿ ಕೊಡೆ. ಟೈಫಾಯಿಡ್ ಆಗಿ ಬೆಳಗಾವಿಯ ಕಾನ್ವೆಂಟ್ ಬಿಟ್ಟುಬಂದ ನಾನು ಆ ವರ್ಷವೆಲ್ಲ ಅವರ ಮನೆಯಲ್ಲೇ ಇದ್ದೆ. ಗಂಜಿ ಕುಡಿಯುವುದು, ಮಾಮಾನನ್ನು ನೋಡುವುದು, ಇವೆರಡೇ ನನ್ನ ಕೆಲಸ. ಎರಡನೆಯದರಿಂದಲೇ ಬೇಗ ಗುಣವಾದೆ ಅಂತ ಈಗಲೂ ನನ್ನ ನಂಬಿಕೆ.

ಮುಂಬಯಿಗೆ ಪರೀಕ್ಷೆಯ ಪೇಪರ್ ತಿದ್ದಲು ಹೋದ ಮಾಮಾ ಅಲ್ಲಿ ಯಾವುದೋ ಮೈದಾನದಲ್ಲಿ ಫುಟ್‌ಬಾಲ್ ನೋಡಿಬಿಟ್ಟರು. ಲವ್ ಅಟ್ ಫಸ್ಟ್ ಸೈಟ್! ಮಾಮಿ ಹೇಳಿಕಳಿಸಿದ್ದ ಸಾಮಾನೆಲ್ಲ ಮರೆತು, ಒಂದು ಚರ್ಮದ ಚೆಂಡನ್ನು ತೊಡೆಯ ಮೇಲಿಟ್ಟುಕೊಂಡು ರೈಲಿನಲ್ಲಿ ಬಂದಿಳಿದರು.

"ನೋಡು, ಎಷ್ಟ ದುಂಡಗ ಅದ!" ಅಂದರು ಮಾಮಾ.

"ದುಂಡಗ ಇರೂದು ಮನ್ಯಾಗ ಕುಂಬಳಕಾಯಿನೂ ಅದ," ಅಂದರು ಮಾಮಿ. "ಅದನ್ನರ ಪಲ್ಯ ಮಾಡಬೌದು."

ಹೀಗೆ ಕಾಲೇಜಿಗೆ ಟೀಮು ಹುಟ್ಟಿತು. ಆಡಲು ಬಂದವರು ಹುನಗುಂದ, ಇಳಕಲ್ಲು, ಬಾದಾಮಿ ಕಡೆಯ ಹುಡುಗರು. ಚೆಂಡು ನೋಡಲು ಬಂದವರನ್ನೇ ಮಾಮಾ ಹಿಡಿದು ಸೇರಿಸಿಕೊಂಡರು ಎನ್ನುವುದು ಹೆಚ್ಚು ಸರಿ. ಆದರೆ ಪ್ರಿನ್ಸಿಪಾಲರಿಗೆ ಇದೆಲ್ಲ ನ್ಯೂಸೆನ್ಸ್. ಅವರು ಮೊದಲೇ ಷರತ್ತು ಹಾಕಿದರು.

"ಗೆದ್ದ ಬರ್ರಿ ಅನ್ನಾಂಗಿಲ್ಲ. ಈ ಸೀಸನ್ ಮುಗಿಯೂದ್ರಾಗ ಒಂದ ಒಂದು ಗೋಲ್ ಹೊಡದು ತೋರಸ್ರಿ. ಇಲ್ಲಂದ್ರ ಟೀಮ್ ಬಂದ್!"

"ಬರೇ ಒಂದ ಸಾಕೇನ್ರಿ?" ಎಂದು ಮಾಮಾ ಕನಿಕರದಿಂದ ಕೇಳಿದರಂತೆ.

ರೂಲ್ ಬುಕ್ಕು ಇಂಗ್ಲಿಷಿನಲ್ಲಿತ್ತು. ನಾನು ಕಾನ್ವೆಂಟ್ ಆಕ್ಸೆಂಟಿನಲ್ಲಿ ಓದಬೇಕು, ಮಾಮಾ ತಲೆದೂಗಬೇಕು. ಆಫ್‌ಸೈಡಿಗೆ ಬಂದಾಗ ತಲೆ ನಿಂತಿತು. ಎರಡು ದಿನ ಊಟದಲ್ಲಿ ಲಕ್ಷ್ಯವಿಲ್ಲ. ಮೂರನೇ ದಿನ ಮೈದಾನದಲ್ಲಿ ಹುಡುಗರನ್ನು ಕೂರಿಸಿ ಭಾಷ್ಯ ಶುರುಮಾಡಿದರು.

"ಮದಿವಿ ಊಟ ಅಂತ ತಿಳಕೋರಿ. ಬಡಸಾಂವ ಹೋಳಿಗಿ ಬುಟ್ಟಿ ಹಿಡಕೊಂಡು ಇನ್ನೂ ಆ ತುದ್ಯಾಗ ಅದಾನ. ನೀ ಎಲ್ಲಾರನ್ನೂ ದಾಟಿ ಮೊದಲ ಓಡಿಹೋಗಿ, ಕಡೀ ಎಲಿಗೆ ಕೂತು, 'ಇತ್ತಾಗ ಒಗೀರಿ' ಅಂದ್ರ ಹೆಂಗ? ಅದ ಆಫ್‌ಸೈಡ್!"

ಹುನಗುಂದದ ಬಸಪ್ಪ ಎದ್ದುನಿಂತ. ಎತ್ತಿನಂಥ ಆಳು, ನಮ್ಮ ಬ್ಯಾಕ್. "ಸರ್, ಹಂಗ ಓಡಿ ಕೂಡಲಿಲ್ಲಂದ್ರ ನಮ್ಮೂರಾಗ ಹೋಳಿಗೀನ ಸಿಗೂದಿಲ್ರಿ!"

ಮೊದಲ ಮ್ಯಾಚು ನಮ್ಮೂರಿನ ನದಿ ಕಡೆಯ ಮೈದಾನದಲ್ಲಿ. (ಆ ಜಾಗ ಈಗ ಹಿನ್ನೀರಿನ ಅಡಿಗಿದೆ. ಮೀನುಗಳು ಆಡುತ್ತಿರಬಹುದು. ಅವಾದರೂ ಗೋಲ್ ಹೊಡೆಯಲಿ!) ಬಿಜಾಪುರದ ಟೀಮಿನ ಫಾರ್ವರ್ಡ್ ಒಬ್ಬ ಚೆಂಡು ತಳ್ಳಿಕೊಂಡು ನಡುಗೆರೆ ದಾಟಿದ್ದೇ ತಡ, ಬಸಪ್ಪ ಅವನ ಸೊಂಟಕ್ಕೆ ತೆಕ್ಕೆಬಿದ್ದು, ನೆಲಕ್ಕೆ ಕೆಡವಿ, ಮೇಲೆ ಕೂತು "ಔಟ್!" ಎಂದು ಕೂಗಿದ. ನಮ್ಮ ಹುಡುಗರೆಲ್ಲ ಕಬಡ್ಡಿಯಲ್ಲಿ ಬೆಳೆದವರು ನೋಡಿ! ನಮ್ಮ ಫಾರ್ವರ್ಡುಗಳಾದರೂ ಕಡಿಮೆಯೇ? ಗೆರೆ ದಾಟಿದವರು ಎದುರಾಳಿಯನ್ನು ಮುಟ್ಟಿ, ಚೆಂಡನ್ನು ಅಲ್ಲೇ ಬಿಟ್ಟು, ಉಸಿರು ಹಿಡಿದು ವಾಪಸ್ ಓಡಿಬರುತ್ತಿದ್ದರು.

ರೆಫರಿ ಸೀಟಿ ಊದಿ ಊದಿ ಕೆಂಪಾದರು.

"ಗೆರಿ ದಾಟಿ ನಮ್ಮ ಅಂಗಳಕ್ಕ ಬಂದಾನ್ರಿ," ಎಂದು ಬಸಪ್ಪ ಕೂತಲ್ಲಿಂದಲೇ ವಾದಿಸಿದ. "ಹಿಡೀದ ಆರತಿ ಬೆಳಗಲೇನ್ರಿ?"

"ಮಾಸ್ತರ, ಇದ ಯಾವ ಆಟ್ರಿ?" ರೆಫರಿ ಮಾಮಾನನ್ನು ಕೇಳಿದರು.

ಮಾಮಾ ಗಂಭೀರವಾಗಿ ಕೊಡೆ ಮಡಿಸಿದರು. "ಇನ್ನೂ ನಿರ್ಣಯ ಆಗಿಲ್ರಿ."

ಮುಂದಿನ ಮ್ಯಾಚಿಗೆ ಜರ್ಸಿ ಬೇಕಾಯಿತು. ಸೆಂಟರ್ ಫಾರ್ವರ್ಡ್ ಹುಸೇನ ಇಳಕಲ್ಲಿನ ನೇಕಾರರ ಮನೆಯ ಹುಡುಗ. ಅವನ ತಂದೆ ಮಗ್ಗದಲ್ಲಿ ಉಳಿದ ತುಂಡುಗಳನ್ನೆಲ್ಲ ಕಳಿಸಿಕೊಟ್ಟರು. ದರ್ಜಿ ಹೊಲಿದೂ ಕೊಟ್ಟ. ದಾಳಿಂಬೆ ಕೆಂಪು ಬಣ್ಣ, ಬೆನ್ನ ಮೇಲೆ ಸಾಕ್ಷಾತ್ ಇಳಕಲ್ ಸೀರೆಯ ಸೆರಗು! ಹ್ಯಾಂಡ್‌ಸಮ್ ಆಗಿಯೇ ಇತ್ತು. ಆದರೆ ನೋಡಲು ಬಂದ ಮಂದಿ ಬಿಡಬೇಕಲ್ಲ?

"ಏನವಾ ತಂಗಿ, ತವರಮನಿಗೆ ಹೊಂಟಿಯೇನು?"

"ಹೌದ್ರಿ," ಹುಸೇನ ಓಡುತ್ತಲೇ ಹೇಳಿದ. "ನಿಮ್ಮ ಗೋಲಿನ್ಯಾಗ ಅದರಿ ನಮ್ಮ ತವರಮನಿ!"

ಆ ತವರಿನ ಬಾಗಿಲು ಅವತ್ತು ತೆರೆಯಲಿಲ್ಲ. ಆಮೇಲಿನ ಮ್ಯಾಚುಗಳಲ್ಲೂ ತೆರೆಯಲಿಲ್ಲ. ಹುಡುಗರು ತೆಕ್ಕೆಬೀಳುವುದನ್ನು ಬಿಟ್ಟಿದ್ದರು, ಪಾಸ್ ಕೊಡುವುದನ್ನು ಕಲಿತಿದ್ದರು, ಗೋಲು ಮಾತ್ರ ಇಲ್ಲ. ಮಾಮಾ ಸೊರಗಿದರು. ತಾಟಿನ ಮೇಲೆ ಉಪ್ಪು, ಉಪ್ಪಿನಕಾಯಿ ಇಟ್ಟು ಪಾಸಿಂಗ್ ಚಿಂತಿಸುತ್ತಿದ್ದರು. "ಆ ಸೆಂಟರ್ ಫಾರ್ವರ್ಡ್ ಆರಿಹೋಗೂದ್ರಾಗ ಉಣ್ರಿ," ಎಂದು ಮಾಮಿ ರೊಟ್ಟಿಯ ಕಡೆ ಬೆರಳು ಮಾಡುತ್ತಿದ್ದರು.

ಕೊನೆಯ ಮ್ಯಾಚು ಬಾದಾಮಿಯಲ್ಲಿ, ಕೆಂಪು ಗುಡ್ಡದ ಕೆಳಗೆ. ಪ್ರಿನ್ಸಿಪಾಲರೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಬಂಡೆಯ ಮೇಲೆ ಕಪಿಗಳ ಸಾಲು. ನಾಲ್ಕು ಗೋಲು ನಮ್ಮ ಮೇಲೆ ಬಿದ್ದಿದ್ದವು, ಹೊತ್ತು ಮುಗಿಯುತ್ತ ಬಂದಿತ್ತು. ಆಗ ಬಸಪ್ಪ ಒದ್ದ ಚೆಂಡು ಎಲ್ಲರ ತಲೆ ಮೇಲೆ ಹಾರಿ, ದೂರದಲ್ಲಿ ಒಬ್ಬನೇ ನಿಂತಿದ್ದ ಹುಸೇನನ ಕಾಲಿಗೆ ಸಿಕ್ಕಿತು. ಹುಸೇನ ಒದ್ದ. ಗೋಲ್!

ರೆಫರಿ ಸೀಟಿ ಊದಿದರು. ನಾನು ಕಿರುಚಿದ್ದನ್ನು ನಮ್ಮ ಸಿಸ್ಟರ್ಸ್ ಕೇಳಿದ್ದರೆ ಕಾನ್ವೆಂಟಿನಿಂದ ಹೆಸರು ಹೊಡೆಯುತ್ತಿದ್ದರು. ಪ್ರಿನ್ಸಿಪಾಲರು ಕೂಡ ಎದ್ದುನಿಂತು ಚಪ್ಪಾಳೆ ತಟ್ಟಿದರು!

ಮಾಮಾ ಮಾತ್ರ ಕೊಡೆ ಊರುತ್ತ ಮೈದಾನದ ನಡುವೆ ನಡೆದುಹೋದರು.

"ಸಾಹೇಬ್ರ, ಅದು ಗೋಲ್ ಅಲ್ರಿ. ಬುಟ್ಟಿ ಬರೂಕಿಂತ ಮೊದಲ ನಮ್ಮ ಹುಡುಗ ಕಡೀ ಎಲಿಗೆ ಹೋಗಿ ಕೂತಿದ್ದ."

"ಯಾವ ಬುಟ್ಟೀರಿ?"

"ಆಫ್‌ಸೈಡ್ ರೀ, ಆಫ್‌ಸೈಡ್!"

"ನಾ ನೋಡಲಿಲ್ಲಲ್ರಿ, ಮಾಸ್ತರ."

"ನಾ ನೋಡೇನಲ್ರಿ!"

ಗೋಲು ರದ್ದಾಯಿತು. ಪ್ರಿನ್ಸಿಪಾಲರ ಚಪ್ಪಾಳೆ ಅರ್ಧಕ್ಕೇ ನಿಂತಿತು. ಹುಸೇನ ಸೊಂಟದ ಮೇಲೆ ಕೈಯಿಟ್ಟು ಮಾಮಾನನ್ನೇ ನೋಡಿದ. "ಇಡೀ ವರ್ಷ ಕಾಣದ್ದು ನಿಮಗ ಇವತ್ತ ಕಾಣಬೇಕಿತ್ತೇನ್ರಿ, ಸರ್?"

ರೈಲು ಹತ್ತಿ ವಾಪಸ್ ಬಂದೆವು. ಮನೆಯಲ್ಲಿ ಮಾಮಾ ಕೋಟು ಕಳಚಿ, "ಟೀಮ್ ಬಂದ್ ಆತು," ಎಂದಷ್ಟೇ ಹೇಳಿದರು. ಮಾಮಿ ಬಿಸಿ ರೊಟ್ಟಿ ಬಡಿಸಿದರು.

ಮರುದಿನ ಮುಂಜಾನೆ ಕಟ್ಟೆಯ ಮೇಲೆ ಮಾಮಾ ಕೂತಿದ್ದರು. ಓಣಿಯಲ್ಲಿ ಗದ್ದಲ. ನೋಡಿದರೆ, ಇಡೀ ಟೀಮು!

"ಸರ್, ಚೆಂಡ ಕೊಡ್ರಿ," ಅಂದ ಬಸಪ್ಪ.

"ಕಾಲೇಜಿನ ಟೀಮ್ ಇನ್ನ ಇಲ್ಲಲ್ರೋ."

"ಕಾಲೇಜಿಂದು ಇಲ್ರಿ. ನಾವ್ ಅದೀವಲ್ರಿ?" ಹುಸೇನ ಅಂದ. "ಗೆರಿ ಹಿಂದ ನಿಂತು ಹೆಂಗ ಓಡೂದು, ಅದನ್ನ ಕಲಸ್ರಿ. ಈ ಸಲ ನೀವೂ ಬ್ಯಾಡ ಅನಬಾರದು, ಅಂಥಾ ಗೋಲ್ ಹೊಡೀತೇನಿ."

ಆಗ ಅಡುಗೆಮನೆಯಿಂದ ಮಾಮಿ ಬಂದರು. ಮೊಣಕೈತನಕ ಕುಸುಬಿ ಎಣ್ಣೆ, ಕೈಯಲ್ಲಿ ಆ ಚೆಂಡು. ಬಾದಾಮಿಯ ಕೆಂಪು ಧೂಳೆಲ್ಲ ಹೋಗಿ, ಹೊಸ ಚರ್ಮದಂತೆ ಹೊಳೆಯುತ್ತಿತ್ತು.

"ಹೊಲಿಗಿ ಒಣಗಿ ಬಿರೀಲಿಕ್ಕೆ ಬಂದಿದ್ದುವು. ಯಾರರ ನೋಡೀರೇನು?" ಎಂದು ಗದರಿ, ಅದನ್ನು ಮಾಮಾನ ತೊಡೆಯ ಮೇಲಿಟ್ಟರು. "ಎಣ್ಣಿ ಒಂದೀಟ ಭಾಳ ಆಗೇದ. ಗೋಲ್‌ಕೀಪರಗ ಹೇಳ್ರಿ, ಕೈ ಜಾರೀತು."

ಮಾಮಾ ಚೆಂಡನ್ನಲ್ಲ, ಮಾಮಿಯ ಮುಖವನ್ನೇ ನೋಡುತ್ತ ಕೂತುಬಿಟ್ಟರು.

"ನನ್ನ ಮಾರಿ ಏನ್ ನೋಡ್ತೀರಿ? ಏಳ್ರಿ, ಹುಡುಗೂರು ಕಾಯಾಕತ್ತಾವ!"

ಎದ್ದರು. ಓಣಿಯ ತಿರುವಿನಲ್ಲಿ ಕೊಡೆ, ಧೋತರ, ಹುಡುಗರು, ಎಲ್ಲ ಮರೆಯಾಗುವಷ್ಟರಲ್ಲಿ ಮಾಮಿ ಹೊಸ್ತಿಲು ದಾಟಿ, ಎಣ್ಣೆಗೈಯನ್ನೇ ಮೇಲೆತ್ತಿ, ಓಣಿಗೆಲ್ಲ ಕೇಳುವಂತೆ ಕೂಗಿದರು:

"ಒಂದರ ಹೊಡಕೊಂಡ ಬರ್ರಿ!"